ತುಟಿ ಸಡಿಲಿದ ಕನ್ನಡ

ಸೊರಬ ತಾಲ್ಲೂಕಿನ ಹೊಸಬಾಳೆಯ ಹೆಸರನ್ನು ಒಮ್ಮೆ ನಿಧಾನವಾಗಿ ಉಚ್ಚರಿಸಿ ನೋಡಿ. ‘ಹೊಸ’ ಮತ್ತು ‘ಬಾಳೆ’ ಎಂಬ ಈ ಎರಡು ಪದಗಳು ಹಳಗನ್ನಡದಲ್ಲಿ ‘ಪೊಸ’, ‘ಬಾೞೆ’ ಆಗಿದ್ದವು. ಪಕಾರ ಹಕಾರವಾಯಿತು, ೞ ಎಂಬ ದನಿ ಳಕಾರದಲ್ಲಿ ಕರಗಿತು. ತುಳುವರು ಇಂದಿಗೂ ‘ಪೊಸ’ ಎನ್ನುತ್ತಾರೆ. ತಮಿಳಿನ ‘ವಾೞೈ’ಯಲ್ಲಿ ಹಳೆಯ ೞ ಉಳಿದಿದೆ.

ಪ ಹೇಗೆ ಹ ಆಗುತ್ತದೆ? ಪ ಎನ್ನಲು ಎರಡೂ ತುಟಿ ಪೂರ್ತಿ ಮುಚ್ಚಬೇಕು. ಬಾಯೊಳಗೆ ಗಾಳಿ ಒತ್ತಿ ನಿಂತು, ತುಟಿ ಬಿಟ್ಟ ಕೂಡಲೇ ಸಿಡಿಯುತ್ತದೆ. ತುಟಿ ಸರಿಯಾಗಿ ಮುಚ್ಚದೆ ಹೋದರೆ, ದೀಪ ಊದಿ ಆರಿಸುವಾಗಿನಂಥ ಉಸಿರಷ್ಟೇ ಹೊರಡುತ್ತದೆ. ಅದೂ ಸಡಿಲಿದರೆ ಉಳಿಯುವುದು ಗಂಟಲಿನ ಹ. ಶಾಸನಗಳಲ್ಲಿ ಸುಮಾರು 10ನೇ ಶತಮಾನದಿಂದ ಈ ಬದಲಾವಣೆ ಕಾಣಿಸಿಕೊಳ್ಳುತ್ತದೆ. ಹಳೆ ಮೈಸೂರಿನ ಎಷ್ಟೋ ಹಳ್ಳಿಗಳಲ್ಲಿ ಆ ಹಕಾರವೂ ಬಿದ್ದು ‘ಓಗು’, ‘ಆಲು’ ಆಗಿದೆ.

ಆದರೆ ಎಲ್ಲ ಪಕಾರಗಳೂ ಬದಲಾಗಲಿಲ್ಲ. ಅಪ್ಪ, ಉಪ್ಪು, ಕಪ್ಪೆ ಹಾಗೇ ಇವೆ. ಒತ್ತಕ್ಷರದಲ್ಲಿ ತುಟಿ ಹೆಚ್ಚು ಹೊತ್ತು ಬಿಗಿಯಾಗಿ ಮುಚ್ಚಿರುತ್ತದೆ. ಸಡಿಲಲು ಎಡೆ ಕಡಿಮೆ. ಸೊರಬ, ಸಾಗರದ ಕಡೆಯ ಹವ್ಯಕರ ಮನೆಮಾತು ಇನ್ನೂ ಸ್ವಾರಸ್ಯದ್ದು. ಹಳಗನ್ನಡದ ‘ಪೋಪ’, ‘ಬರ್ಪ’ ಎಂಬ ರೂಪಗಳು ಅಲ್ಲಿ ‘ಹೋಪದು’, ‘ಬಪ್ಪದು’ ಎಂದು ಬದುಕಿವೆ. ‘ಪೋಪ’ದ ಮೊದಲ ಪ ಬದಲಾಗಿದೆ, ಎರಡನೆಯದು ನಿಂತಿದೆ. ‘ಬಪ್ಪದು’ವಿನಲ್ಲಿ ರಕಾರ ಪಕ್ಕದ ಪಕಾರಕ್ಕೆ ಒಗ್ಗಿಕೊಂಡಿದೆ. ‘ಹೋಗುವುದು’ ಎನ್ನುವವರಿಗೆ ಇದು ಕೆಟ್ಟ ಕನ್ನಡವಾಗಿ ಕೇಳಿಸಬಹುದು. ಚರಿತ್ರೆಯ ಲೆಕ್ಕದಲ್ಲಿ ಇದು ಹಳೆಯ ಆಸ್ತಿ.

ಇಂಥ ಹಳೆಯ ರೂಪಗಳನ್ನು ಹುಡುಕಬಹುದಾದ ಶಿಕಾರಿಪುರ, ಸೊರಬ ತಾಲ್ಲೂಕುಗಳ ಶಾಸನಗಳನ್ನು ಶಾಸನತಜ್ಞ ಬಿ. ಎಲ್. ರೈಸ್ ‘ಎಪಿಗ್ರಾಫಿಯಾ ಕರ್ನಾಟಿಕಾ’ ಎಂಬ ಶಾಸನ ಸಂಗ್ರಹದ 7 ಮತ್ತು 8ನೇ ಸಂಪುಟಗಳಲ್ಲಿ 1902 ಮತ್ತು 1904ರಲ್ಲಿ ಪ್ರಕಟಿಸಿದರು. ಕಲ್ಲು ಅಕ್ಷರವನ್ನು ಉಳಿಸುತ್ತದೆ. ದನಿಯನ್ನು ಉಳಿಸುವುದು ಜನರ ಬಾಯಿ. ಪಕ್ಕದ ಸಾಗರ ತಾಲ್ಲೂಕಿನಲ್ಲಿ ನೆಲೆಸಿದ್ದ ಭಾಷಾವಿಜ್ಞಾನಿ ಡಿ. ಎನ್. ಶಂಕರ ಭಟ್ ಕನ್ನಡದ ಒಳನುಡಿಗಳನ್ನು ಒಂದಕ್ಕೊಂದು ಹೋಲಿಸಿಯೇ ಭಾಷೆಯ ಚರಿತ್ರೆಯನ್ನು ಬಿಡಿಸಿ ತೋರಿಸಿದರು. ಅತ್ತ ಅಮೆರಿಕದಲ್ಲಿ ಭಾಷಾವಿಜ್ಞಾನಿ ವಿಲಿಯಂ ಲಬೋವ್, 1963ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಮಾರ್ಥಾಸ್ ವಿನ್‌ಯಾರ್ಡ್ ದ್ವೀಪದ ಜನರ ಸ್ವರಗಳನ್ನು ಅಳೆದು, ಊರಿನ ಮೇಲಿನ ಅಭಿಮಾನ ಹೆಚ್ಚಿದ್ದವರಲ್ಲಿ ಊರಿನ ಉಚ್ಚಾರವೂ ಹೆಚ್ಚು ಎಂದು ಕಂಡರು. ಮಾತಿನ ವ್ಯತ್ಯಾಸಕ್ಕೆ ನಿಯಮವಿದೆ, ಕಾರಣವಿದೆ.

ಇಂಥ ವ್ಯತ್ಯಾಸಗಳನ್ನು ಅಳೆದು ದಾಖಲಿಸಲು ಈಗ ದೊಡ್ಡ ಪ್ರಯೋಗಾಲಯ ಬೇಡ. ಮೊಬೈಲಿನಲ್ಲಿ ಧ್ವನಿಮುದ್ರಿಸಿದ ಮಾತನ್ನು ‘ಪ್ರಾಟ್’ ಎಂಬ ಉಚಿತ ತಂತ್ರಾಂಶದಲ್ಲಿ ತೆರೆದರೆ ದನಿಯ ಚಿತ್ರ ಕಾಣುತ್ತದೆ: ಪಕಾರದಲ್ಲಿ ಕ್ಷಣಮಾತ್ರದ ಖಾಲಿ ಜಾಗ, ಹಿಂದೆಯೇ ಸಿಡಿತದ ಗೆರೆ, ಹಕಾರದಲ್ಲಿ ಹರಡಿಕೊಂಡ ಉಸಿರು. ಹವ್ಯಕರು, ದೀವರು, ಉಳಿದೆಲ್ಲರ ಹಿರಿಯರ ಮಾತನ್ನು ಊರು, ವಯಸ್ಸು, ವರ್ಷದ ಸಮೇತ ದಾಖಲಿಸಬೇಕು. ಓದಿಸಬಾರದು, ಮಾತಾಡಿಸಬೇಕು, ಓದುವಾಗ ನಾಲಿಗೆ ಬರಹದ ದಾರಿ ಹಿಡಿಯುತ್ತದೆ. ಬರಹದ ಕನ್ನಡವನ್ನು ಶಾಲೆ ಕಲಿಸಲಿ. ಮಗುವಿನ ಮನೆಮಾತನ್ನು ತಪ್ಪೆಂದು ಬಿಡಿಸುವುದು ಮಾತ್ರ ಬೇಡ. ಹಾಗೆ ಬಿಡಿಸಿದ ದನಿಯನ್ನು ಯಾವ ಶಾಸನದಿಂದಲೂ ಮರಳಿ ಪಡೆಯಲಾಗದು.