ನೆಟಿಗೆಯ ಸದ್ದು, ಅಜ್ಜಿಯ ಗಂಟು

ಚಿತ್ರದುರ್ಗ ಜಿಲ್ಲೆಯ ಒಂಬತ್ತನೇ ತರಗತಿಯ ಹುಡುಗಿಯೊಬ್ಬಳು ಪತ್ರ ಬರೆದಿದ್ದಾಳೆ. 'ನಾನು ನೆಟಿಗೆ ಮುರಿದರೆ ಅಜ್ಜಿ ಕೈ ಮೇಲೆ ಹೊಡೀತಾಳೆ. ಚಿಕ್ಕವಳಿದ್ದಾಗ ನಾನೂ ಹೀಗೇ ಲಟಲಟ ಅಂತ ಮುರೀತಿದ್ದೆ, ಅದಕ್ಕೇ ನೋಡು ನನ್ನ ಬೆರಳು ಹೀಗೆ ಗಂಟುಗಂಟಾಗಿವೆ ಅಂತಾಳೆ. ನಿಜಾನಾ ಸರ್?'

ಈ ಪ್ರಶ್ನೆ ಓದಿ ನನಗೆ ನನ್ನ ಅಜ್ಜಿಯ ನೆನಪಾಯಿತು. ಮದುವೆ ಮನೆಯಿಂದ ಬಂದ ಮೇಲೆ ಅವರು ನಮ್ಮನ್ನು ಸಾಲಾಗಿ ಕೂರಿಸಿ, ಎರಡೂ ಕೈಯಿಂದ ಮುಖ ನೀವಾಳಿಸಿ, ಬೆರಳುಗಳನ್ನು ತಮ್ಮ ಕಣತಲೆಗೆ ಒತ್ತಿ ನೆಟಿಗೆ ಮುರಿಯುತ್ತಿದ್ದರು. ಸದ್ದು ಜೋರಾಗಿ ಬಂದಷ್ಟೂ ದೃಷ್ಟಿ ಜೋರಾಗಿ ತಾಗಿತ್ತು ಎಂದು ಲೆಕ್ಕ. ಒಮ್ಮೆ ಮುಗಿಸಿ, ಖಾತ್ರಿಗೆಂದು ಇನ್ನೊಮ್ಮೆ ತೆಗೆಯುತ್ತಿದ್ದರು. ಎರಡನೇ ಸಲ ಒಂದು ಬೆರಳೂ ಸದ್ದು ಮಾಡುತ್ತಿರಲಿಲ್ಲ. 'ನೋಡು, ಪೂರ್ತಿ ಇಳಿದುಹೋಯ್ತು' ಎನ್ನುತ್ತಿದ್ದರು. ನಾನು ನಂಬಿದ್ದೆ. ಕಣ್ಣೆದುರೇ ಪ್ರಮಾಣ ಸಿಕ್ಕರೆ ಯಾವ ಮಗು ನಂಬುವುದಿಲ್ಲ?

ಆ ಎರಡನೇ ಸಲದ ಮೌನಕ್ಕೆ ಕಾರಣ ಬೆರಳ ಗಿಣ್ಣಿನೊಳಗೇ ಇದೆ. ಎರಡು ಮೂಳೆಗಳು ಕೂಡುವ ಜಾಗದಲ್ಲಿ ಒಂದು ಚೀಲ, ಅದರೊಳಗೆ ಮೊಟ್ಟೆಯ ಬಿಳಿ ಲೋಳೆಯಂತಹ ದ್ರವ. ದಾಸವಾಳದ ಎಲೆ ಹಿಂಡಿದರೆ ಬರುವ ಲೋಳೆಯನ್ನು ನೆನೆಸಿಕೊಳ್ಳಿ, ಹೆಚ್ಚುಕಡಿಮೆ ಹಾಗೆಯೇ ಜಾರುವಂಥದ್ದು. ಒದ್ದೆಯಾದ ಎರಡು ಗಾಜಿನ ತುಂಡುಗಳು ಅಂಟಿಕೊಳ್ಳುವ ಹಾಗೆ ಮೂಳೆಯ ತುದಿಗಳು ಈ ದ್ರವದ ತೆಳುಪದರದಲ್ಲಿ ಅಂಟಿಕೊಂಡಿರುತ್ತವೆ. ಬೆರಳನ್ನು ಎಳೆದರೆ ಮೊದಲು ಬಿಡುವುದಿಲ್ಲ, ಆಮೇಲೆ ಥಟ್ಟನೆ ಬಿಡುತ್ತವೆ. ಆ ಕ್ಷಣ ಒಳಗಿನ ಒತ್ತಡ ಕುಸಿಯುತ್ತದೆ. ಗೋಲಿ ಸೋಡಾದ ಗೋಲಿ ಒತ್ತಿದಾಗ ಗುಳ್ಳೆ ಉಕ್ಕುವಂತೆ, ದ್ರವದಲ್ಲಿ ಕರಗಿದ್ದ ಅನಿಲ ಗುಳ್ಳೆಯಾಗಿ ಹೊರಬರುತ್ತದೆ. ಆ ಅನಿಲ ಮತ್ತೆ ಕರಗಲು ಸುಮಾರು 20 ನಿಮಿಷ ಬೇಕು. ಅಲ್ಲಿಯತನಕ ಅದೇ ಬೆರಳು ಮತ್ತೆ ನೆಟಿಗೆ ಕೊಡುವುದಿಲ್ಲ. ನನ್ನ ಅಜ್ಜಿ ಅರ್ಧ ಗಂಟೆ ಕಾದು ನೀವಾಳಿಸಿದ್ದರೆ 'ದೃಷ್ಟಿ' ಮತ್ತೆ ಅಷ್ಟೇ ಜೋರಾಗಿ ಕೇಳಿಸುತ್ತಿತ್ತು. ಅವರ ಕೈಯ ಪ್ರೀತಿ ನಿಜ, ದೃಷ್ಟಿ ಮಾತ್ರ ಸುಳ್ಳು.

ಸದ್ದು ಗುಳ್ಳೆ ಹುಟ್ಟುವಾಗ ಬರುತ್ತದೆಯೋ ಒಡೆಯುವಾಗಲೋ? ಇದೊಂದು ಪ್ರಶ್ನೆಗೆ ವಿಜ್ಞಾನಿಗಳು ಏಳು ದಶಕ ವಾದ ಮಾಡಿದ್ದಾರೆ! 1947ರಲ್ಲಿ ಲಂಡನ್ನಿನ ಸೇಂಟ್ ಥಾಮಸ್ ಆಸ್ಪತ್ರೆಯ ವೈದ್ಯಕೀಯ ಶಾಲೆಯ ಇಬ್ಬರು ಬೆರಳುಗಳನ್ನು ಎಳೆಯುತ್ತಾ ಎಕ್ಸ್‌ರೇ ತೆಗೆದು, ಹುಟ್ಟುವಾಗ ಎಂದರು. 1971ರಲ್ಲಿ ಲೀಡ್ಸ್‌ನವರು, ಅಲ್ಲ, ಒಡೆಯುವಾಗ ಎಂದರು. 2015ರಲ್ಲಿ ಕೆನಡಾದ ಆಲ್ಬರ್ಟಾ ವಿಶ್ವವಿದ್ಯಾಲಯದವರು ಒಬ್ಬನ ಬೆರಳನ್ನು ಕೊಳವೆಗೆ ಸಿಕ್ಕಿಸಿ, ಹಗ್ಗ ಕಟ್ಟಿ ಮೆಲ್ಲನೆ ಎಳೆದು ಎಂಆರ್‌ಐ ಯಂತ್ರದಲ್ಲಿ ಚಿತ್ರೀಕರಿಸಿದರು. ಸೆಕೆಂಡಿನ ಮೂರನೇ ಒಂದು ಭಾಗದೊಳಗೆ ಎಲ್ಲ ಮುಗಿದಿತ್ತು, ಸದ್ದಾದ ಮೇಲೂ ಗುಳ್ಳೆ ಹಾಗೇ ಉಳಿದಿತ್ತು. ಹುಟ್ಟಿನ ಪಕ್ಷ ಗೆದ್ದಿತು ಅನ್ನುವಷ್ಟರಲ್ಲಿ 2018ರಲ್ಲಿ ವಿನೀತ್ ಚಂದ್ರನ್ ಸುಜಾ ಮತ್ತು ಅಬ್ದುಲ್ ಬರಕತ್ ಗಣಿತದ ಲೆಕ್ಕ ಮುಂದಿಟ್ಟರು: ಗುಳ್ಳೆ ಪೂರ್ತಿ ಒಡೆಯಬೇಕಿಲ್ಲ, ಅರ್ಧಂಬರ್ಧ ಕುಸಿದರೂ ಅಷ್ಟು ಸದ್ದಿಗೆ ಸಾಕು. ನಮ್ಮದೇ ಕೈಯೊಳಗೆ ಇಷ್ಟೊಂದು ಕುತೂಹಲ ಅಡಗಿದೆ ಎಂಬುದೇ ನನಗೆ ಹಬ್ಬ.

ಇನ್ನು ಹುಡುಗಿಯ ಪ್ರಶ್ನೆ. ಅಮೆರಿಕದ ಕ್ಯಾಲಿಫೋರ್ನಿಯದ ವೈದ್ಯ ಡೊನಾಲ್ಡ್ ಅಂಗರ್ ಅವರಿಗೂ ಬಾಲ್ಯದಲ್ಲಿ ತಾಯಿ, ಚಿಕ್ಕಮ್ಮಂದಿರು, ಮುಂದೆ ಅತ್ತೆಯೂ ಇದೇ ಬೈಗುಳ ಕೊಟ್ಟಿದ್ದರು. ಅವರು 50 ವರ್ಷ ದಿನಕ್ಕೆ ಕನಿಷ್ಠ ಎರಡು ಸಲ ಎಡಗೈಯ ನೆಟಿಗೆಯನ್ನಷ್ಟೇ ಮುರಿದರು, ಬಲಗೈಯನ್ನು ಹೋಲಿಕೆಗೆ ಬಿಟ್ಟರು. ಲೆಕ್ಕ ಹಾಕಿದರೆ 36,500 ಸಲ. ಕೊನೆಗೆ ನೋಡಿದರೆ ಎರಡೂ ಕೈಗಳಲ್ಲಿ ಸಂಧಿವಾತವಿರಲಿಲ್ಲ, ವ್ಯತ್ಯಾಸವೂ ಇರಲಿಲ್ಲ. 1998ರಲ್ಲಿ ವೈದ್ಯಪತ್ರಿಕೆಗೆ ಬರೆದರು, 2009ರಲ್ಲಿ ತಮಾಷೆಯೆನಿಸುವ ಸಂಶೋಧನೆಗಳಿಗೆ ಕೊಡುವ ಇಗ್ ನೊಬೆಲ್ ಬಹುಮಾನ ಬಂತು. ಒಬ್ಬನ ಕೈ ನೋಡಿ ತೀರ್ಮಾನಿಸಬಾರದು, ಒಪ್ಪುತ್ತೇನೆ. ಆದರೆ 2011ರಲ್ಲಿ 215 ಜನರ ಕೈಯ ಎಕ್ಸ್‌ರೇ ನೋಡಿದ ಅಧ್ಯಯನವೂ ನೆಟಿಗೆಗೂ ಸಂಧಿವಾತಕ್ಕೂ ನಂಟಿಲ್ಲವೆಂದೇ ಹೇಳಿತು. 1990ರಲ್ಲಿ 300 ಜನರ ಮೇಲೆ ನಡೆದ ಒಂದು ಅಧ್ಯಯನ ಮಾತ್ರ, ನೆಟಿಗೆ ಮುರಿಯುವ ಚಾಳಿಯವರಲ್ಲಿ ಕೈ ಊತ ಹೆಚ್ಚು, ಹಿಡಿತ ಕಡಿಮೆ ಎಂದಿತ್ತು. ಅದರಲ್ಲೂ ಸಂಧಿವಾತ ಹೆಚ್ಚಿರಲಿಲ್ಲ.

ಒಂದು ಮಾತನ್ನು ಗಟ್ಟಿಯಾಗಿ ಹೇಳಬೇಕು. ಇದೆಲ್ಲ ಬೆರಳಿನ ನೆಟಿಗೆಯ ಮಾತು. ಕ್ಷೌರದ ಅಂಗಡಿಯಲ್ಲಿ ತಲೆ ಹಿಡಿದು ಕುತ್ತಿಗೆಯನ್ನು ಆಚೀಚೆ ಲಟಕ್ಕೆಂದು ತಿರುಗಿಸುತ್ತಾರಲ್ಲ, ಅದು ಬೇರೆ. ಕುತ್ತಿಗೆಯ ಮೂಳೆಗಳ ನಡುವೆ ಮಿದುಳಿಗೆ ರಕ್ತ ಒಯ್ಯುವ ನಾಳಗಳು ಹಾದುಹೋಗುತ್ತವೆ. ಹೀಗೆ ಜಗ್ಗಿದಾಗ ನಾಳದ ಒಳಪದರ ಹರಿದು ಪಾರ್ಶ್ವವಾಯು ಬಡಿದ ಪ್ರಕರಣಗಳು ದಾಖಲಾಗಿವೆ. ಹಿತವೆನಿಸುತ್ತದೆ ಎಂದು ಕುತ್ತಿಗೆ ಒಪ್ಪಿಸಬೇಡಿ. 'ಕುತ್ತಿಗೆ ಬೇಡ' ಎನ್ನಲು ಸಂಕೋಚವೇನು?

ಹಾಗಾದರೆ ಕೀಲುಗಳನ್ನು ಕಾಪಾಡುವುದು ಹೇಗೆ? ಮೂಳೆಯ ತುದಿಗೆ ಮೆತ್ತಿರುವ ಮೃದ್ವಸ್ಥಿಗೆ ರಕ್ತನಾಳವೂ ಇಲ್ಲ, ನರವೂ ಇಲ್ಲ. ಅದಕ್ಕೆ ಊಟ ಬರುವುದು ಕೀಲಿನೊಳಗಿನ ಆ ಲೋಳೆಯಂತಹ ದ್ರವದಿಂದಲೇ. ಪಾತ್ರೆ ತೊಳೆಯುವ ಸ್ಪಂಜಿನಂತೆ ಭಾರ ಬಿದ್ದಾಗ ಹಿಂಡಿಕೊಂಡು, ಭಾರ ಇಳಿದಾಗ ಹೀರಿಕೊಳ್ಳುತ್ತದೆ. ಅಂದರೆ ಕೀಲಿಗೆ ನಡಿಗೆಯೇ ಅನ್ನ. 'ಮಂಡಿ ಸವೆದಿದೆ, ಗ್ರೀಸ್ ಖಾಲಿಯಾಗಿದೆ, ಓಡಾಡಬೇಡಿ' ಎಂದು ಮನೆಯ ಹಿರಿಯರನ್ನು ಕುರ್ಚಿಗೆ ಕಟ್ಟಿಹಾಕುತ್ತೇವಲ್ಲ, ಅದಕ್ಕಿಂತ ಕೆಟ್ಟ ಉಪಚಾರವಿಲ್ಲ. ನಿಧಾನವಾಗಿ ದಿನವೂ ನಡೆಯಲಿ. ಕುರ್ಚಿಯಿಂದ ಕೈಯೂರದೆ ಹತ್ತು ಸಲ ಎದ್ದು ಕೂತರೆ ತೊಡೆಯ ಸ್ನಾಯು ಗಟ್ಟಿಯಾಗಿ ಮಂಡಿಯ ಭಾರ ಹೊರುತ್ತದೆ. ಮೈತೂಕ ಒಂದು ಕಿಲೋ ಇಳಿದರೆ ಪ್ರತಿ ಹೆಜ್ಜೆಗೂ ಮಂಡಿಯ ಮೇಲೆ ಸುಮಾರು 4 ಕಿಲೋ ಭಾರ ಇಳಿಯುತ್ತದೆ. ಬಿಸಿನೀರಿನ ಶಾಖ ನೋವು ತಗ್ಗಿಸುತ್ತದೆ, ಕೊಡಿ. ತಾಮ್ರದ ಕಡಗಕ್ಕೆ ದುಡ್ಡು ಸುರಿಯಬೇಡಿ. ಇಂಗ್ಲೆಂಡಿನ ಯಾರ್ಕ್ ವಿಶ್ವವಿದ್ಯಾಲಯದವರು 70 ರೋಗಿಗಳಿಗೆ ತೊಡಿಸಿ ನೋಡಿ 2013ರಲ್ಲಿ ಪ್ರಕಟಿಸಿದರು: ನೋವೂ ಇಳಿಯಲಿಲ್ಲ, ಊತವೂ ಇಳಿಯಲಿಲ್ಲ. ಜಾತ್ರೆಯಲ್ಲಿ ಮಾರುವ ಹೆಸರಿಲ್ಲದ ಪುಡಿ, ಗುಳಿಗೆಗಳನ್ನಂತೂ ಮುಟ್ಟಲೇಬೇಡಿ. ಅಂಥವುಗಳಲ್ಲಿ ಸ್ಟೀರಾಯ್ಡ್ ಬೆರೆಸಿರುವುದು ಎಷ್ಟೋ ಸಲ ಸಿಕ್ಕಿಬಿದ್ದಿದೆ. ಒಂದು ವಾರ ನೋವು ಮಾಯವಾಗಿ, ಆಮೇಲೆ ಮೂಳೆಯೇ ಟೊಳ್ಳಾಗುತ್ತದೆ.

ಈಗ ನಿನಗೆ, ಪುಟ್ಟ. ನಿನ್ನ ನೆಟಿಗೆಯಿಂದ ನಿನಗೆ ಸಂಧಿವಾತ ಬರುವುದಿಲ್ಲ. ಆದರೆ ಅಜ್ಜಿಯ ಬೆರಳನ್ನು ಒಮ್ಮೆ ಕೈಯಲ್ಲಿ ಹಿಡಿದು ನೋಡು. ಗಂಟು ಉಗುರಿನ ಹತ್ತಿರದ ಕೊನೆಯ ಕೀಲಿನಲ್ಲಿದ್ದು, ಗಟ್ಟಿಯಾಗಿದ್ದರೆ ಅದು ಹೆಚ್ಚಾಗಿ ವಯಸ್ಸಿನ ಸಂಧಿವಾತ. ಹೆಂಗಸರಲ್ಲಿ ಜಾಸ್ತಿ, ಮನೆತನದಲ್ಲಿ ಹರಿದುಬರುವಂಥದ್ದು. ಊತ ಬೆರಳಿನ ಬುಡದಲ್ಲೋ ನಡುವಿನ ಕೀಲಿನಲ್ಲೋ ಎರಡೂ ಕೈಗೆ ಇದ್ದು, ಮುಟ್ಟಿದರೆ ಮೆತ್ತಗೆ, ಬೆಚ್ಚಗೆ ಅನ್ನಿಸಿದರೆ ಬೆಳಿಗ್ಗೆ ಎದ್ದಾಗ ಬಿಗಿತ ಎಷ್ಟು ಹೊತ್ತು ಇರುತ್ತದೆ ಎಂದು ಕೇಳು. ಒಂದು ಗಂಟೆಗೂ ಮೀರಿದರೆ ಅದು ರುಮಟಾಯ್ಡ್ ಸಂಧಿವಾತ ಇರಬಹುದು. ಅದಕ್ಕೆ ಒಳ್ಳೆಯ ಔಷಧಿಗಳಿವೆ, ಬೇಗ ಶುರುಮಾಡಿದಷ್ಟೂ ಬೆರಳು ಸೊಟ್ಟಗಾಗುವುದು ತಪ್ಪುತ್ತದೆ. ಹಾಗಿದ್ದರೆ ಅಪ್ಪ ಅಮ್ಮನಿಗೆ ಹೇಳಿ ಅಜ್ಜಿಯನ್ನು ಇದೇ ತಿಂಗಳು ಜಿಲ್ಲಾ ಆಸ್ಪತ್ರೆಗೆ ಕರೆದುಕೊಂಡು ಹೋಗು.