ವಿಡಿಯೋ ಗೇಮ್ ಸಂಗೀತಕ್ಕೆ ಮರುಜೀವ ಕೊಟ್ಟ ಅಭಿಮಾನಿ ಬಳಗ

ವಿಡಿಯೋ ಗೇಮ್ ಎಂದೊಡನೆ ನಮ್ಮಲ್ಲಿ ಹಲವರಿಗೆ ನೆನಪಾಗುವುದು 1990ರ ದಶಕದಲ್ಲಿ ಟಿವಿಗೆ ಜೋಡಿಸಿ ಆಡುತ್ತಿದ್ದ, ಕ್ಯಾಸೆಟ್ ಹಾಕುವ ಅಗ್ಗದ ಪೆಟ್ಟಿಗೆ. ಮಾರಿಯೋ, ಕಾಂಟ್ರಾ ಆಟಗಳು ಮರೆತುಹೋದರೂ ಅವುಗಳ ರಾಗ ಮರೆಯುವುದಿಲ್ಲ. ಮನೆಯ ಹಿರಿಯರ ಕಿವಿಗೆ ಅದು ಬರೀ ಟುಂಯ್ ಟುಂಯ್ ಸದ್ದು. ಎಷ್ಟೋ ಸಲ "ಅದರ ಬಾಯಿ ಮುಚ್ಚಿಸು" ಎಂದು ಗದರಿದ್ದೂ ಉಂಟು.

ಅದೇ ಸದ್ದನ್ನು ಸಂಗೀತವೆಂದು ತಿಳಿದು, ಪಿಯಾನೊ, ಗಿಟಾರ್, ಪಿಟೀಲು, ಕೊಳಲುಗಳಲ್ಲಿ ಹೊಸದಾಗಿ ಕಟ್ಟಿ, ಕೇಳುವವರಿಗೆ ಉಚಿತವಾಗಿ ಹಂಚುತ್ತಿರುವ ಒಂದು ಬಳಗವಿದೆ. ಹೆಸರು ಓವರ್‌ಕ್ಲಾಕ್ಡ್ ರೀಮಿಕ್ಸ್. 1999ರಲ್ಲಿ ಅಮೆರಿಕದಲ್ಲಿ ಹುಟ್ಟಿ ಅಂತರ್ಜಾಲದಲ್ಲೇ ಬೆಳೆದ ಈ ಬಳಗದ ಸಂಗ್ರಹದಲ್ಲಿ ಈಗ 4,000ಕ್ಕೂ ಹೆಚ್ಚು ಹಾಡುಗಳಿವೆ. ಹಾಡು ಕಳಿಸಿದವರಿಗೆ ಸಂಬಳವಿಲ್ಲ, ಆರಿಸುವವರಿಗೂ ಇಲ್ಲ. ಆದರೂ ಇಲ್ಲಿ ಒಂದು ಹಾಡು ಸೇರಬೇಕಾದರೆ ಕಠಿಣ ಪರೀಕ್ಷೆ ದಾಟಬೇಕು. ಏನಿದು, ಯಾಕೆ ಹೀಗೆ ಎಂಬುದನ್ನು ನೋಡೋಣ.

ಐದೇ ದನಿಯ ಪೆಟ್ಟಿಗೆ

ಮೊದಲು ಮೂಲ ಸಂಗೀತದ ಕತೆ. ಜಪಾನಿನ ನಿಂಟೆಂಡೊ ಕಂಪನಿ 1983ರಲ್ಲಿ ಹೊರತಂದ ಫ್ಯಾಮಿಕಾಮ್ ಎಂಬ ಯಂತ್ರವೇ ನಮ್ಮಲ್ಲಿ ಮಾರಾಟವಾದ ಅಗ್ಗದ ಪೆಟ್ಟಿಗೆಗಳ ಮೂಲ. ಅವುಗಳಲ್ಲಿ ಹೆಚ್ಚಿನವು ಇದರ ನಕಲುಗಳು. ಈ ಯಂತ್ರದಲ್ಲಿ ಒಮ್ಮೆಗೆ ಐದೇ ದನಿ ಹೊರಡಿಸಬಹುದಿತ್ತು. ಎರಡು ದನಿ ರಾಗಕ್ಕೆ ಮತ್ತು ಅದರ ಜತೆಗೆ, ಒಂದು ಮಂದ್ರ ಸ್ವರಕ್ಕೆ, ಒಂದು ತಾಳದ 'ಚಿಸ್ ಚಿಸ್' ಸದ್ದಿಗೆ. ಐದನೆಯದು ಮೊದಲೇ ಮುದ್ರಿಸಿಟ್ಟ ಸಣ್ಣ ಶಬ್ದದ ತುಣುಕಿಗೆ.

ಜಾಗವೂ ಅಷ್ಟಕ್ಕಷ್ಟೇ. 1985ರ ಸೂಪರ್ ಮಾರಿಯೋ ಬ್ರದರ್ಸ್ ಆಟದ ಚಿತ್ರ, ಲೆಕ್ಕಾಚಾರ, ಸಂಗೀತ ಎಲ್ಲ ಸೇರಿ 40 ಕಿಲೋಬೈಟ್. ಇಂದು ಮೊಬೈಲಿನಲ್ಲಿ ತೆಗೆದ ಒಂದು ಫೋಟೋ ಇದರ ಎಷ್ಟೋ ಪಟ್ಟು ದೊಡ್ಡದಿರುತ್ತದೆ. ಆದ್ದರಿಂದ ರಾಗ ಚಿಕ್ಕದಿರಬೇಕು, ಮುಗಿದೊಡನೆ ಮತ್ತೆ ಮೊದಲಿನಿಂದ ಶುರುವಾಗಬೇಕು, ನೂರು ಸಲ ಕೇಳಿದರೂ ಬೇಸರ ಬರಬಾರದು. ದನಿಯ ಸೊಗಸಿನಿಂದ ಮೆಚ್ಚಿಸುವಂತಿಲ್ಲ. ಮೆಚ್ಚಿಸಬೇಕಾದರೆ ರಾಗವೇ ಗಟ್ಟಿಯಾಗಿರಬೇಕು. ಮಾರಿಯೋಗೆ ಸಂಗೀತ ಕೊಟ್ಟ ಕೋಜಿ ಕೊಂಡೊ, ಫೈನಲ್ ಫ್ಯಾಂಟಸಿ ಆಟಗಳ ನೊಬುಒ ಉಎಮಾತ್ಸು ಮೊದಲಾದವರು ಈ ಇಕ್ಕಟ್ಟಿನಲ್ಲೇ ಕೆಲಸ ಮಾಡಿದವರು.

ಗಟ್ಟಿ ರಾಗವನ್ನು ಯಾವ ವಾದ್ಯದ ಮೇಲೆ ಇಟ್ಟರೂ ನಿಲ್ಲುತ್ತದೆ. ಜಪಾನಿನ ಕೊಯಿಚಿ ಸುಗಿಯಾಮ ತಾವೇ ಸಂಗೀತ ಕೊಟ್ಟಿದ್ದ ಡ್ರ್ಯಾಗನ್ ಕ್ವೆಸ್ಟ್ ಆಟದ ರಾಗಗಳನ್ನು 1987ರಲ್ಲೇ ಟೋಕಿಯೋದಲ್ಲಿ ದೊಡ್ಡ ವಾದ್ಯವೃಂದದಿಂದ ನುಡಿಸಿ ತೋರಿಸಿದ್ದರು. ಆದರೆ ಅದು ಸಂಗೀತಗಾರರೇ, ಕಂಪನಿಯ ಒಪ್ಪಿಗೆಯೊಂದಿಗೆ ಮಾಡಿದ ಕೆಲಸ. ಆಟ ಆಡಿದವರೇ ಅದಕ್ಕೆ ಕೈಹಾಕಿದ್ದು ಕಂಪ್ಯೂಟರ್ ಮತ್ತು ಅಂತರ್ಜಾಲ ಮನೆಮನೆಗೆ ಬಂದ ಮೇಲೆ.

ಮರುಸಂಯೋಜನೆ ಎಂದರೇನು?

ರೀಮಿಕ್ಸ್ ಎಂದರೆ ನಮ್ಮಲ್ಲಿ ಹಳೆಯ ಸಿನಿಮಾ ಹಾಡಿಗೆ ಡ್ರಮ್ ಸದ್ದು ಸೇರಿಸುವುದು ಎಂಬ ಅರ್ಥ ಬಳಕೆಯಲ್ಲಿದೆ. ಈ ಬಳಗದವರು ಹೇಳುವುದು ಅದಲ್ಲ. ಇಲ್ಲಿ ಮೂಲ ಧ್ವನಿಮುದ್ರಣವನ್ನು ಎತ್ತಿ ಅಂಟಿಸುವುದಿಲ್ಲ. ಕಿವಿಯಿಂದ ಕೇಳಿ ಸ್ವರಗಳನ್ನು ಗುರುತು ಹಾಕಿಕೊಂಡು, ಲಯ ಬದಲಿಸಿ, ನಡುವೆ ತಮ್ಮದೇ ಆಲಾಪ, ಸ್ವರಸಂಚಾರ ಸೇರಿಸಿ, ಬೇರೆ ವಾದ್ಯಗಳಿಗೆ ಹಂಚಿ, ಹೊಸದಾಗಿ ನುಡಿಸಿ ಮುದ್ರಿಸುತ್ತಾರೆ. ಕನ್ನಡದಲ್ಲಿ ಇದನ್ನು ಮರುಸಂಯೋಜನೆ ಎನ್ನಬಹುದು.

ಎರಡು ಭಾಷೆಯ ನಡುವೆ ಬದುಕುವ ಗಡಿನಾಡಿನವರಿಗೆ ಇದನ್ನು ಹೆಚ್ಚು ಬಿಡಿಸಿ ಹೇಳಬೇಕಿಲ್ಲ. ಪೇಟೆಯಲ್ಲಿ ಮಲಯಾಳದಲ್ಲೋ ಮರಾಠಿಯಲ್ಲೋ ಕೇಳಿದ ಸುದ್ದಿಯನ್ನು ಮನೆಗೆ ಬಂದು ಕನ್ನಡದಲ್ಲಿ ಹೇಳುವಾಗ ನಾವು ಪದಕ್ಕೆ ಪದ ಇಡುವುದಿಲ್ಲ. ವಿಷಯ ಬದಲಾಗಬಾರದು, ಆದರೆ ಮಾತು ನಮ್ಮದಾಗಬೇಕು. ವಿಷಯ ಬದಲಾದರೆ ಅದು ಸುಳ್ಳು. ಮಾತು ನಮ್ಮದಾಗದಿದ್ದರೆ ಅದು ಗಿಣಿಪಾಠ. ಮರುಸಂಯೋಜನೆಯ ಕಷ್ಟವೂ ಇದೇ.

ಒಬ್ಬರಿಂದ ಶುರುವಾದದ್ದು

ಡೇವಿಡ್ ಲಾಯ್ಡ್ ಎಂಬವರು 1999ರ ಡಿಸೆಂಬರಿನಲ್ಲಿ ಇದನ್ನು ಆರಂಭಿಸಿದರು. ಸಂಗೀತ ವಲಯದಲ್ಲಿ ಅವರನ್ನು ಡಿಜೆಪ್ರೆಟ್ಜೆಲ್ ಎಂಬ ಅಡ್ಡಹೆಸರಿನಿಂದ ಗುರುತಿಸುತ್ತಾರೆ. ಮೊದಮೊದಲು ಬಂದ ಹಾಡುಗಳನ್ನು ಅವರೊಬ್ಬರೇ ಕೇಳಿ ಆರಿಸುತ್ತಿದ್ದರು. ಹಾಡುಗಳ ರಾಶಿ ಬೆಳೆದಂತೆ 2002ರಲ್ಲಿ ತೀರ್ಪುಗಾರರ ಮಂಡಳಿ ರಚನೆಯಾಯಿತು. ಹಾಡು ಕಟ್ಟಿ ಅನುಭವವಿರುವ ಸದಸ್ಯರೇ ತೀರ್ಪುಗಾರರು.

ಅವರು ಕೇಳುವ ಪ್ರಶ್ನೆಗಳು ಮುಖ್ಯವಾಗಿ ಮೂರು. ಮೂಲ ರಾಗ ಗುರುತು ಸಿಗುತ್ತದೆಯೇ? ಅದಕ್ಕೆ ಹೊಸದೇನಾದರೂ ಸೇರಿದೆಯೇ? ಧ್ವನಿಮುದ್ರಣ ಚೊಕ್ಕವಾಗಿದೆಯೇ? ಮೂಲದ ರಾಗ ಹಾಡಿನ ಅರ್ಧಕ್ಕಿಂತ ಹೆಚ್ಚು ಹೊತ್ತು ಒಂದಲ್ಲ ಒಂದು ರೂಪದಲ್ಲಿ ಕೇಳಬೇಕೆಂಬುದು ಸ್ಥೂಲ ಅಳತೆ. ಅನುಮಾನ ಬಂದಾಗ ಎಷ್ಟನೇ ಸೆಕೆಂಡಿನಿಂದ ಎಷ್ಟನೇ ಸೆಕೆಂಡಿನವರೆಗೆ ಮೂಲವಿದೆ ಎಂದು ಕೂತು ಲೆಕ್ಕ ಹಾಕುವುದೂ ಉಂಟು.

ಹಾಡು ತಿರಸ್ಕಾರವಾಗುವ ಕಾರಣಗಳೂ ಸ್ವಾರಸ್ಯಕರ. ಮೂಲಕ್ಕೆ ತೀರ ಹತ್ತಿರವಾದರೂ ಬೇಡ, ತೀರ ದೂರವಾದರೂ ಬೇಡ. ಒಂದೇ ತುಣುಕು ಮತ್ತೆ ಮತ್ತೆ ಬಂದರೆ ಬೇಡ. ಮನುಷ್ಯರು ನುಡಿಸಿದಂತೆ ಏರಿಳಿತವಿಲ್ಲದೆ ಯಂತ್ರದಂತೆ ಒಂದೇ ಒತ್ತಿನಲ್ಲಿ ನುಡಿದರೆ ಬೇಡ. ತೀರ್ಪು ಬರಲು ತಿಂಗಳುಗಟ್ಟಲೆ ಕಾಯಬೇಕಾಗುತ್ತದೆ. ಆದರೆ ಬೇಡವೆಂದಾಗ ಕಾರಣ ಬರೆದು ತಿಳಿಸುತ್ತಾರೆ. ತಿದ್ದಿ ಮತ್ತೆ ಕಳಿಸುವುದಕ್ಕೂ ಅವಕಾಶವಿದೆ. ಸಂಗೀತ ಶಾಲೆಯ ಮುಖ ನೋಡದ ಎಷ್ಟೋ ಹುಡುಗರಿಗೆ ಈ ತಿದ್ದುಪಡಿಗಳೇ ಪಾಠವಾದವು.

ಹೆಸರಿನ ಋಣ

ಈ ಬಳಗ ಮಾಡಿದ ಇನ್ನೊಂದು ಕೆಲಸ ಅಷ್ಟಾಗಿ ಕಣ್ಣಿಗೆ ಬೀಳುವುದಿಲ್ಲ. 1980ರ ದಶಕದಲ್ಲಿ ಜಪಾನಿನ ಎಷ್ಟೋ ಆಟಗಳ ಕೊನೆಯಲ್ಲಿ ಸಂಗೀತಗಾರರ ನಿಜ ಹೆಸರೇ ಇರುತ್ತಿರಲಿಲ್ಲ. ಅಡ್ಡಹೆಸರು ಇರುತ್ತಿತ್ತು, ಇಲ್ಲವೇ ಅದೂ ಇಲ್ಲ. ಒಳ್ಳೆಯ ಕೆಲಸಗಾರರನ್ನು ಬೇರೆ ಕಂಪನಿಯವರು ಸೆಳೆದುಕೊಂಡಾರು ಎಂಬ ಭಯ ಇದಕ್ಕೊಂದು ಕಾರಣ. ಓವರ್‌ಕ್ಲಾಕ್ಡ್ ರೀಮಿಕ್ಸ್‌ನಲ್ಲಿ ಪ್ರತಿ ಹಾಡಿನ ಜತೆಗೆ ಆಟದ ಹೆಸರು, ಮೂಲ ರಾಗದ ಹೆಸರು, ಅದನ್ನು ರಚಿಸಿದವರ ಹೆಸರು ದಾಖಲಾಗುತ್ತದೆ. ಹಣ ಕೊಡಲಾಗದಿದ್ದರೂ ಹೆಸರಿನ ಋಣವನ್ನು ತೀರಿಸಬೇಕೆಂಬುದು ಇಲ್ಲಿನ ರೂಢಿ.

ಕಂಪನಿಗಳು ಏನೆಂದವು?

ರಾಗ ಕಂಪನಿಯದ್ದು, ಕೈಹಾಕಿದವರು ಅಭಿಮಾನಿಗಳು. ಜಗಳವಾಗಬೇಕಲ್ಲವೇ? ಎರಡು ಉದಾಹರಣೆ ನೋಡಿ.

ಸ್ಟ್ರೀಟ್ ಫೈಟರ್ ಎರಡನೆಯ ಆಟ 1991ರಲ್ಲಿ ಬಂತು. ಅದರ ಹೆಚ್ಚಿನ ರಾಗಗಳು ಯೊಕೊ ಶಿಮೊಮುರ ಎಂಬ ಯುವತಿಯ ರಚನೆ. 2006ರಲ್ಲಿ ಬಳಗದವರು ಆ ರಾಗಗಳನ್ನು ಹೊಸದಾಗಿ ಕಟ್ಟಿ ಒಂದು ಆಲ್ಬಂ ಮಾಡಿದರು. ಮಾಲೀಕರಾದ ಕ್ಯಾಪ್‌ಕಾಮ್ ಕಂಪನಿ ಕೇಸು ಹಾಕಲಿಲ್ಲ. ಬದಲಿಗೆ 2008ರಲ್ಲಿ ಅದೇ ಆಟವನ್ನು ಹೊಸ ಚಿತ್ರಗಳೊಂದಿಗೆ ಹೊರತಂದಾಗ ಸಂಗೀತದ ಹೊಣೆಯನ್ನು ಇವರಿಗೇ ಒಪ್ಪಿಸಿತು.

ಎರಡನೆಯದು ಅಷ್ಟು ಸಲೀಸಾಗಲಿಲ್ಲ. 2012ರಲ್ಲಿ ಫೈನಲ್ ಫ್ಯಾಂಟಸಿ ಆರನೆಯ ಆಟದ ರಾಗಗಳ ಆಲ್ಬಮ್ಮಿಗಾಗಿ ಸಾರ್ವಜನಿಕರಿಂದ ಹಣ ಕೂಡಿಸಲು ಹೊರಟಾಗ ಸ್ಕ್ವೇರ್ ಎನಿಕ್ಸ್ ಕಂಪನಿ ಆಕ್ಷೇಪ ಎತ್ತಿತು. ಸಂಗ್ರಹವನ್ನು ನಿಲ್ಲಿಸಿ, ಮಾತುಕತೆ ನಡೆಸಿ, ಒಪ್ಪಂದಕ್ಕೆ ಬಂದ ಮೇಲೆ ಮತ್ತೆ ಮೊದಲಿನಿಂದ ಆರಂಭಿಸಬೇಕಾಯಿತು. ಎರಡನೇ ಸಲ 1,50,000 ಡಾಲರಿಗೂ ಹೆಚ್ಚು ಕೂಡಿತು. ಐದು ಸಿಡಿ, 74 ಹಾಡುಗಳ ಆಲ್ಬಂ 2013ರಲ್ಲಿ ಹೊರಬಂತು.

ಎರಡರಲ್ಲೂ ಕಾಣುವ ಸತ್ಯ ಒಂದೇ. ಅಭಿಮಾನಿಯ ಕೆಲಸ ಎಷ್ಟೇ ಚೆನ್ನಾಗಿರಲಿ, ಅದು ನಿಂತಿರುವುದು ಮಾಲೀಕನ ಸಹನೆಯ ಮೇಲೆ. ಮೂಲ ಮುದ್ರಣವನ್ನು ಹಾಗೆಯೇ ಹಾಕಿದವರ ವಿಷಯದಲ್ಲಿ ಈ ಸಹನೆ ಇನ್ನೂ ಕಡಿಮೆ. 2022ರಲ್ಲಿ ನಿಂಟೆಂಡೊದ ಹಳೆಯ ಆಟಗಳ ಸಂಗೀತವನ್ನು ಯೂಟ್ಯೂಬಿನಲ್ಲಿ ಒಟ್ಟುಗೂಡಿಸಿದ್ದ ಅಭಿಮಾನಿಯೊಬ್ಬರ ಸಾವಿರಕ್ಕೂ ಹೆಚ್ಚು ಹಾಡುಗಳಿಗೆ ಕಂಪನಿ ತಡೆ ಹಾಕಿಸಿತು.

ನಮ್ಮ ಕಾನೂನು ಏನು ಹೇಳುತ್ತದೆ?

ಇಂದು ನಮ್ಮ ಹಳ್ಳಿಗಳಲ್ಲೂ ಕೀಬೋರ್ಡ್, ಮೊಬೈಲ್ ಹಿಡಿದು ಹಾಡು ಕಟ್ಟಿ ಹಾಕುವ ಹುಡುಗ ಹುಡುಗಿಯರಿದ್ದಾರೆ. ಅವರು ಅರಿಯಬೇಕಾದ ಮಾತುಗಳಿವೆ. "ದುಡ್ಡು ಮಾಡುತ್ತಿಲ್ಲವಲ್ಲ, ತಪ್ಪೇನು?" ಎಂದು ಎಲ್ಲರೂ ಕೇಳುತ್ತಾರೆ. ಭಾರತದ 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಸಂಗೀತ ಕೃತಿಯ ಮರುಸಂಯೋಜನೆಯೂ ಒಂದು ರೂಪಾಂತರವೇ. ರೂಪಾಂತರ ಮಾಡುವ ಹಕ್ಕು ಕೃತಿಯ ಮಾಲೀಕರದ್ದು. ದುಡ್ಡು ಪಡೆಯಲಿಲ್ಲ ಎಂಬ ಒಂದೇ ಕಾರಣಕ್ಕೆ ಆ ಹಕ್ಕು ನಮ್ಮದಾಗುವುದಿಲ್ಲ.

2012ರ ತಿದ್ದುಪಡಿಯಲ್ಲಿ ಸೇರಿದ 31ಸಿ ಸೆಕ್ಷನ್ ಪ್ರಕಾರ, ಹಾಡು ಮೊದಲು ಮುದ್ರಣವಾದ ವರ್ಷ ಮುಗಿದು ಐದು ವರ್ಷ ಕಳೆದ ಮೇಲೆ, ಮುಂಚಿತವಾಗಿ ತಿಳಿಸಿ, ರಾಯಧನ ಕಟ್ಟಿ ಅದನ್ನು ಬೇರೆಯವರು ಹಾಡಿ ಮುದ್ರಿಸಬಹುದು. ಆದರೆ ವರ್ಷಕ್ಕೆ ಕನಿಷ್ಠ 50,000 ಪ್ರತಿಗಳ ರಾಯಧನ ತೆರಬೇಕು. ಮುದ್ರಣಕ್ಕೆ ಅನಿವಾರ್ಯವಲ್ಲದ ಬದಲಾವಣೆಯನ್ನು ಮಾಡುವಂತಿಲ್ಲ. ಅಂದರೆ ಈ ದಾರಿ ದೊಡ್ಡ ಕಂಪನಿಗಳಿಗೆ ಸರಿ. ಮನೆಯಲ್ಲಿ ಕೂತು ರಾಗವನ್ನು ಹೊಸದಾಗಿ ಕಟ್ಟುವವರಿಗೆ ಉಪಯೋಗಕ್ಕೆ ಬರುವುದಿಲ್ಲ.

ಹಾಗಾದರೆ ಮಾಡುವುದೇನು? ಒಪ್ಪಿಗೆ ಕೇಳುವುದು ಮೊದಲ ದಾರಿ. ರಚಿಸಿದವರು ತೀರಿಕೊಂಡು 60 ವರ್ಷ ದಾಟಿದ ಕೃತಿಗಳು, ಯಾರದೆಂದು ಹೇಳಲಾಗದ ಪರಂಪರೆಯ ಧಾಟಿಗಳು ಎರಡನೆಯ ದಾರಿ. ದಾಸರ ಪದ, ಸೋಬಾನೆ, ಬೀಸುವ ಪದಗಳ ಹಳೆಯ ಧಾಟಿಗೆ ಯಾರ ಅಪ್ಪಣೆಯೂ ಬೇಕಿಲ್ಲ. ಆದರೆ ಇತ್ತೀಚೆಗೆ ಒಬ್ಬರು ಹೊಸ ರಾಗ ಹಾಕಿ ಹಾಡಿದ್ದರೆ ಆ ರಾಗಸಂಯೋಜನೆ ಅವರದು, ಆ ಧ್ವನಿಮುದ್ರಣವೂ ಬೇರೆಯವರ ಸೊತ್ತು ಎಂಬುದು ನೆನಪಿರಲಿ. ಸಲಕರಣೆಯ ಚಿಂತೆ ಬೇಡ. ಆಡಾಸಿಟಿ, ಮ್ಯೂಸ್‌ಸ್ಕೋರ್‌ನಂಥ ತಂತ್ರಾಂಶಗಳು ಉಚಿತವಾಗಿ ಸಿಗುತ್ತವೆ.

ಗದರಿಸಿಕೊಂಡ ಸದ್ದು ಗದ್ದುಗೆ ಏರಿತು

ಕಾಲ ಬದಲಾಗಿದೆ. 2021ರಲ್ಲಿ ಟೋಕಿಯೋ ಒಲಿಂಪಿಕ್ಸ್ ಉದ್ಘಾಟನೆಯ ದಿನ ನಾನಾ ದೇಶಗಳ ಕ್ರೀಡಾಪಟುಗಳು ಹೆಜ್ಜೆ ಹಾಕಿದ್ದು ವಿಡಿಯೋ ಗೇಮ್ ಸಂಗೀತಕ್ಕೆ. 2022ರಲ್ಲಿ ದಿ 8-ಬಿಟ್ ಬಿಗ್ ಬ್ಯಾಂಡ್ ಎಂಬ ತಂಡದ, ಕಿರ್ಬಿ ಆಟದ ರಾಗವೊಂದರ ಜಾಝ್ ಮರುಸಂಯೋಜನೆಗೆ ಗ್ರ್ಯಾಮಿ ಪ್ರಶಸ್ತಿ ಬಂತು. 2023ರಲ್ಲಿ ಕೋಜಿ ಕೊಂಡೊ ಅವರ ಮಾರಿಯೋ ರಾಗವನ್ನು ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ ಕಾಪಿಡಬೇಕಾದ ಧ್ವನಿಮುದ್ರಣಗಳ ಪಟ್ಟಿಗೆ ಸೇರಿಸಿತು.

ಇಷ್ಟು ದೊಡ್ಡ ಮನ್ನಣೆ ಸಿಗುವ ಎಷ್ಟೋ ವರ್ಷ ಮೊದಲೇ ಈ ರಾಗಗಳಿಗೆ ಬೆಲೆ ಕಟ್ಟಿದವರು ಸಂಬಳವಿಲ್ಲದ ಅಭಿಮಾನಿಗಳು. ಅವರು ಬರೀ ಹೊಗಳಲಿಲ್ಲ. ಕೂತು ಕಲಿತರು, ಒಬ್ಬರ ತಪ್ಪನ್ನು ಇನ್ನೊಬ್ಬರು ತಿದ್ದಿದರು, ಮೂಲದವರ ಹೆಸರನ್ನು ಮರೆಯದೆ ಬರೆದಿಟ್ಟರು. ನಮ್ಮ ಊರಿನ ಭಜನಾ ಮಂಡಳಿಯಿಂದ ಹಿಡಿದು ಮೇಳದ ಹಿಮ್ಮೇಳದವರೆಗೆ, ಹಳೆಯ ಧಾಟಿಗಳನ್ನು ಉಳಿಸಿಕೊಳ್ಳಬೇಕೆಂದು ಬಯಸುವ ಯಾರಿಗಾದರೂ ಈ ಮೂರು ಕೆಲಸಗಳು ಮಾದರಿಯಾಗಬಲ್ಲವು.