ಮೂಳೆ ಆಪರೇಷನ್ ಆದ ಹಿರಿಯರಿಗೆ ಗಂಜಿಯೊಂದೇ ಸಾಲದು

ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಹತ್ತಿರ ಮೂಳೆ ಮುರಿದುಕೊಂಡ ಹಿರಿಯರಿಗೆ ರಾಡು ಹಾಕಿ ಅಥವಾ ಕೀಲು ಬದಲಿಸಿ ಎರಡು ದಿನವಾಗಿರುತ್ತದೆ. ಮನೆಯಿಂದ ಡಬ್ಬಿ ಬರುತ್ತದೆ. ಬೆಳಿಗ್ಗೆ ತೆಳ್ಳನೆಯ ರವೆ ಗಂಜಿ, ಮಧ್ಯಾಹ್ನ ತಿಳಿಸಾರು ಅನ್ನ, ಸಂಜೆ ಕಾಫಿ ಜೊತೆ ಎರಡು ಬಿಸ್ಕತ್ತು, ರಾತ್ರಿ ಮತ್ತೆ ಗಂಜಿ. ಪಥ್ಯ ಅಂದರೆ ಕಡಿಮೆ ಮಾಡುವುದು ಅಂತಲೇ ನಮ್ಮ ಮನೆಗಳಲ್ಲಿ ರೂಢಿ. ಈ ಆಪರೇಷನ್ ಆದವರಿಗೆ ಬೇಕಾದ ಪಥ್ಯ ಇದಕ್ಕೆ ತೀರಾ ಉಲ್ಟಾ.

“ಮಲಗಿದ್ದಲ್ಲೇ ಇರ್ತಾರೆ, ಹೊಟ್ಟೆಗೆ ಹಗುರಾಗಿದ್ದರೆ ಸಾಕು” ಅನ್ನುವುದು ಮೊದಲ ತಪ್ಪು ಕಲ್ಪನೆ. ಮಲಗಿದ್ದರೂ ದೇಹಕ್ಕೆ ಬಿಡುವಿರುವುದಿಲ್ಲ. ಗಾಯ ಮಾಯಿಸಲು, ಮೂಳೆ ಕೂಡಿಸಲು ಬೇಕಾದ ಪ್ರೋಟೀನು ಊಟದಲ್ಲಿ ಸಿಗದಿದ್ದರೆ ಅದು ಸ್ನಾಯುಗಳನ್ನೇ ಕರಗಿಸಿ ತೆಗೆದುಕೊಳ್ಳುತ್ತದೆ. 2007ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದರಲ್ಲಿ, ಯಾವ ಕಾಯಿಲೆಯೂ ಇಲ್ಲದ ಹಿರಿಯರು 10 ದಿನ ಹಾಸಿಗೆಯಲ್ಲಿದ್ದದ್ದಕ್ಕೇ ಅವರ ಕಾಲುಗಳ ಸ್ನಾಯು ಸುಮಾರು ಒಂದು ಕಿಲೋ ಕರಗಿತ್ತು. ಮುರಿತ, ಆಪರೇಷನ್ ಎರಡೂ ಆದವರ ಪಾಡು ಇದಕ್ಕಿಂತ ಕಷ್ಟ. ಮುಂದೆ ವಾಕರ್ ಹಿಡಿದು ಎದ್ದು ನಿಲ್ಲಬೇಕಾದದ್ದು ಇದೇ ಸ್ನಾಯುಗಳ ಬಲದಿಂದ.

ಆರೋಗ್ಯವಾಗಿರುವ ಹಿರಿಯರಿಗೇ ದಿನಕ್ಕೆ ದೇಹತೂಕದ ಪ್ರತಿ ಕಿಲೋಗೆ ಕನಿಷ್ಠ 1 ಗ್ರಾಂ ಪ್ರೋಟೀನು ಬೇಕು. ಕಾಯಿಲೆ ಬಿದ್ದವರಿಗೆ, ಗಾಯವಾದವರಿಗೆ 1.2ರಿಂದ 1.5 ಗ್ರಾಂ. ಅಂದರೆ 50 ಕಿಲೋ ತೂಗುವ ಅಜ್ಜಿಗೆ ದಿನಕ್ಕೆ 60ರಿಂದ 75 ಗ್ರಾಂ. ಮೇಲಿನ ಡಬ್ಬಿಗಳನ್ನೆಲ್ಲ ಖಾಲಿ ಮಾಡಿದರೂ ಇದರ ಅರ್ಧಕ್ಕೆ ಮುಟ್ಟುವುದಿಲ್ಲ. ಒಂದು ಮೊಟ್ಟೆಯಲ್ಲಿ 6 ಗ್ರಾಂ, ಒಂದು ಲೋಟ ಹಾಲಿನಲ್ಲಿ ಹೆಚ್ಚುಕಡಿಮೆ ಅಷ್ಟೇ, ಒಂದು ಬಟ್ಟಲು ಗಟ್ಟಿ ತೊವ್ವೆಯಲ್ಲೂ ಅಷ್ಟೇ. ಗಂಜಿಯೇ ಸೇರುತ್ತದೆ ಅನ್ನುವವರಿಗೆ ಅದನ್ನೇ ನೀರಿನ ಬದಲು ಹಾಲಿನಲ್ಲಿ ಕಾಯಿಸಿ, ಹೆಸರುಬೇಳೆ ಬೇಯಿಸಿ ಹಾಕಿ, ಹುರಿಗಡಲೆ ಪುಡಿ ಬೆರೆಸಿ, ಮೇಲೊಂದು ಚಮಚ ತುಪ್ಪ ಬಿಡಿ. ಒಂದೇ ಸಲಕ್ಕೆ ಆಗದಿದ್ದರೆ ಎರಡು ಮೂರು ಗಂಟೆಗೊಮ್ಮೆ ಸ್ವಲ್ಪ ಸ್ವಲ್ಪ ಕೊಡಿ. ಕಿಡ್ನಿ ತೊಂದರೆ ಇರುವವರಿಗೆ ಮಾತ್ರ ಪ್ರೋಟೀನಿನ ಲೆಕ್ಕ ಬೇರೆ, ಅದನ್ನು ಡಾಕ್ಟರೇ ಹೇಳಬೇಕು.

“ಬೇಳೆ, ಮೊಟ್ಟೆ, ಬದನೆಕಾಯಿ ನಂಜು, ಹೊಲಿಗೆ ಕೀವಾಗುತ್ತೆ.” ಈ ಮಾತು ಹೇಳದ ನೆಂಟರೇ ಇಲ್ಲ. ಗಾಯ ಕೀವಾಗುವುದು ಅಲ್ಲಿ ರೋಗಾಣು ಸೇರಿದಾಗ, ತಟ್ಟೆಯಲ್ಲಿದ್ದ ಬೇಳೆಯಿಂದಲ್ಲ. ಅಲರ್ಜಿ ಇರುವ ಪದಾರ್ಥವೊಂದನ್ನು ಬಿಟ್ಟರಾಯಿತು. ನಂಜಿನ ಹೆಸರಿನಲ್ಲಿ ಬೇಳೆ, ಮೊಟ್ಟೆ, ಮೀನು ಎಲ್ಲವನ್ನೂ ನಿಲ್ಲಿಸಿದರೆ ಗಾಯ ಮಾಯುವುದೇ ನಿಧಾನವಾಗುತ್ತದೆ, ಸೋಂಕಿಗೆ ದಾರಿಯಾಗುತ್ತದೆ.

ಕಾಲುಸೂಪು ಕುಡಿದರೆ ಮೂಳೆ ಕೂಡುತ್ತದೆ ಅನ್ನುವ ದೊಡ್ಡ ನಂಬಿಕೆಯೂ ಇದೆ. ಬಿಸಿಬಿಸಿಯಾಗಿ ಗಂಟಲಿಗೆ ಹಿತ, ಹಸಿವನ್ನೂ ಎಬ್ಬಿಸುತ್ತದೆ, ಕುಡಿಸಿ. ಆದರೆ ಎಷ್ಟು ಕುದಿಸಿದರೂ ಮೂಳೆಯ ಕ್ಯಾಲ್ಸಿಯಂ ನೀರಿಗೆ ಇಳಿಯುವುದು ಬಹಳ ಕಡಿಮೆ. ಕ್ಯಾಲ್ಸಿಯಂ ಬೇಕೆಂದರೆ ರಾಗಿಯಿದೆ: 100 ಗ್ರಾಂ ರಾಗಿಯಲ್ಲಿ 340 ಮಿಲಿಗ್ರಾಂಗಿಂತ ಹೆಚ್ಚು. ಹಾಗಂತ ಮುದ್ದೆಯೊಂದರಿಂದಲೂ ಮೂಳೆ ಕೂಡುವುದಿಲ್ಲ. ಮೂಳೆಯ ಗಾತ್ರದಲ್ಲಿ ಸುಮಾರು ಅರ್ಧದಷ್ಟು ಪ್ರೋಟೀನಿನ ಜಾಲವೇ; ಕ್ಯಾಲ್ಸಿಯಂ ಹೋಗಿ ಕೂರುವುದು ಆ ಜಾಲದಲ್ಲಿ. ಹಾಗಾಗಿ ಮುದ್ದೆಗೆ ಹುರುಳಿಕಾಳಿನದೋ ಅಲಸಂದೆಯದೋ ಸಾರು ಜೊತೆಯಾಗಲಿ. ವಿಟಮಿನ್ ಡಿ ವಿಷಯದಲ್ಲಿ, ವಯಸ್ಸಾದ ಚರ್ಮ ಬಿಸಿಲಿನಿಂದ ಅದನ್ನು ತಯಾರಿಸುವುದು ಕಡಿಮೆ, ಡಾಕ್ಟರು ಬರೆದುಕೊಟ್ಟ ಮಾತ್ರೆ ತಪ್ಪಿಸಬೇಡಿ.

ಶುಗರ್ ಇದೆ ಅಂತ ಊಟವನ್ನೇ ಅರ್ಧ ಮಾಡುವುದು ಅಪಾಯ. ಆಪರೇಷನ್ನಿನ ಹೊತ್ತಿನಲ್ಲಿ ಸಕ್ಕರೆ ಏರುವುದು ಸಾಮಾನ್ಯ. ಅದನ್ನು ಇನ್ಸುಲಿನ್, ಮಾತ್ರೆಗಳಿಂದ ಸರಿದೂಗಿಸುತ್ತಾರೆ. ಮಾತ್ರೆ ನುಂಗಿಸಿ ಉಪವಾಸ ಕೆಡವಿದರೆ ಸಕ್ಕರೆ ದಿಢೀರನೆ ಇಳಿಯಬಹುದು.

ಇನ್ನೊಂದು ತಪ್ಪನ್ನು ರೋಗಿಗಳೇ ಮಾಡುತ್ತಾರೆ, ಅದರಲ್ಲೂ ಹೆಂಗಸರು. ಪದೇ ಪದೇ ಬೆಡ್‌ಪ್ಯಾನ್ ಕೇಳಲು ಸಂಕೋಚ, ಸೊಸೆಗೆ ತೊಂದರೆ ಅಂತ ನೀರನ್ನೇ ಬಿಡುತ್ತಾರೆ. ನೋವಿನ ಮಾತ್ರೆಗಳ ಜೊತೆ ಇದೂ ಸೇರಿ ಮಲ ಕಟ್ಟುತ್ತದೆ, ಉರಿಮೂತ್ರ ಬರುತ್ತದೆ, ಕೆಲವರಿಗೆ ಮಂಪರು, ಗೊಂದಲ. ಹೃದಯ, ಕಿಡ್ನಿ ತೊಂದರೆ ಇಲ್ಲದವರಿಗೆ ಮಜ್ಜಿಗೆ, ಹಾಲು, ಎಳನೀರು ಎಲ್ಲ ಸೇರಿ ದಿನಕ್ಕೆ ಒಂದೂವರೆಯಿಂದ ಎರಡು ಲೀಟರ್ ಹೋಗಬೇಕು. ಅವರು ಕೇಳುವ ಮೊದಲೇ ನೀವೇ ಬೆಡ್‌ಪ್ಯಾನ್ ಕೊಡಿ, ಆ ಸಂಕೋಚ ಕಳೆಯುತ್ತದೆ.

ಎಲ್ಲಕ್ಕಿಂತ ನನಗೆ ಸಂಕಟವಾಗುವುದು “ಹಸಿವಾದರೆ ಅವರೇ ಕೇಳ್ತಾರೆ” ಅನ್ನುವ ಮಾತಿನಿಂದ. ಕೇಳುವುದಿಲ್ಲ. ನೋವು, ಮಾತ್ರೆ, ಬೇಸರ ಎಲ್ಲ ಸೇರಿ ಹಸಿವೇ ಸತ್ತಿರುತ್ತದೆ. ಎಷ್ಟೋ ಸಲ ಆಪರೇಷನ್ನಿಗೆ ಮುಂಚೆ ತೆಗೆದ ಹಲ್ಲಿನ ಸೆಟ್ಟು ಕರವಸ್ತ್ರದಲ್ಲಿ ಸುತ್ತಿ ಬ್ಯಾಗಿನ ತಳ ಸೇರಿರುತ್ತದೆ. ಅಗಿಯಲಾಗದೆ ತಟ್ಟೆ ಸರಿಸಿದವರನ್ನು ನಾವು “ಊಟ ಸೇರ್ತಿಲ್ಲ” ಅನ್ನುತ್ತೇವೆ. ಬ್ರಿಟನ್ನಿನ ಕಾರ್ಡಿಫ್‌ನ ಆಸ್ಪತ್ರೆಯಲ್ಲಿ ಸೊಂಟದ ಮೂಳೆ ಮುರಿದ 300ಕ್ಕೂ ಹೆಚ್ಚು ಹಿರಿಯ ಹೆಂಗಸರ ಮೇಲೆ ನಡೆದ ಅಧ್ಯಯನ 2006ರಲ್ಲಿ ಪ್ರಕಟವಾಯಿತು. ಅರ್ಧದಷ್ಟು ಮಂದಿಗೆ ಊಟದ ಉಸ್ತುವಾರಿಗೆಂದೇ ಸಹಾಯಕರಿದ್ದರು: ಏನು ಸೇರುತ್ತದೆ ಎಂದು ಕೇಳುವುದು, ಕೈಗೆ ಸಿಗುವಂತೆ ಇಡುವುದು, ಬೇಕಾದರೆ ತಿನ್ನಿಸುವುದು ಅವರ ಕೆಲಸ. ನಾಲ್ಕು ತಿಂಗಳಲ್ಲಿ ತೀರಿಹೋದವರು ಆ ಗುಂಪಿನಲ್ಲಿ ನೂರಕ್ಕೆ 13, ಉಳಿದವರಲ್ಲಿ ನೂರಕ್ಕೆ 23.

ಆದ್ದರಿಂದ ಡಬ್ಬಿ ಇಟ್ಟು ಹೋಗಬೇಡಿ, ಜೊತೆಗೆ ಕೂತುಕೊಳ್ಳಿ. ಬೆನ್ನಿಗೆ ದಿಂಬು ಕೊಟ್ಟು ನೆಟ್ಟಗೆ ಕೂರಿಸಿ, ಹಲ್ಲಿನ ಸೆಟ್ಟು ಹಾಕಿಸಿ. ನುಂಗುವಾಗ ಕೆಮ್ಮು ಬಂದರೆ ನಿಲ್ಲಿಸಿ ನರ್ಸ್‌ಗೆ ತಿಳಿಸಿ. ಡಿಸ್ಚಾರ್ಜ್ ದಿನದ ತೂಕ ಬರೆದಿಟ್ಟುಕೊಂಡು, ಹೊಲಿಗೆ ಬಿಚ್ಚಿಸಲು ಹೋದಾಗ ಮತ್ತೆ ತೂಗಿಸಿ. ಇಳಿದಿದ್ದರೆ ಡಯಟೀಶಿಯನ್ ಹತ್ತಿರ ಕಳಿಸಿ ಎಂದು ನೀವೇ ಕೇಳಿ.